ಆನೆಗೆ ಸೋಮವಾರ ಯಾವತ್ತು?

ದಸರಾ ರಜೆ ಶುರುವಾಯ್ತು ಅಂದ್ರೆ ನಮ್ಮ ಕಾಗದನಗರದ ಮನೆ ತುಂಬ ನೆಂಟರು. ಈ ಸಲ ಬೆಂಗಳೂರಿಂದ ತಂಗಿ, ತಂಗಿ ಗಂಡ, ಇಬ್ರು ಮಕ್ಕಳು. ಮಕ್ಕಳು ಬಂದು ಚಪ್ಪಲಿ ಬಿಡೋ ಮುಂಚೆನೇ "ದೊಡ್ಡಮ್ಮ, ಸಕ್ರೆಬೈಲಿಗೆ ಯಾವತ್ತು?" ಅಂತ ಕೇಳಿದ್ವು.

"ನಾಳೆನೇ ಹೋಗೋಣ. ಆದ್ರೆ ನೀರಿಗೆ ಇಳಿಯೋ ಹಾಗಿಲ್ಲ, ಸೊಂಡಿಲು ಮುಟ್ಟೋ ಹಾಗಿಲ್ಲ. ದಡದಲ್ಲಿ ನಿಂತು ನೋಡ್ಕೊಂಡು ಬರೋದು" ಅಂದೆ.

ಮಕ್ಕಳ ಮುಖ ಸಪ್ಪಗಾಯ್ತು. ತಂಗಿ ಮುಖ ಊದಿಸ್ಕೊಂಡ್ಲು. ಅವಳ ಗಂಡ ಮಾತ್ರ ನಕ್ಕು, "ಅಕ್ಕ, ಅದು ಮೂರು ಟನ್ ತೂಗೋ ಪ್ರಾಣಿ. ಮಕ್ಕಳು ಎರಡು ಚೆಂಬು ನೀರು ಹಾಕಿದ್ರೆ, ಬೆನ್ನ ಮೇಲೆ ಒಂದು ಸುತ್ತು ಕೂತ್ರೆ ಅದಕ್ಕೇನು ಸವೆಯುತ್ತೆ?" ಅಂದ್ರು.

ಆನೆಗೇನು ಸವೆಯುತ್ತೆ ಅನ್ನೋ ಈ ಮಾತನ್ನ ನಾನು ಬಹಳ ಕಡೆ ಕೇಳಿದ್ದೀನಿ. ಮೆರವಣಿಗೆಗೆ ಆನೆ ಬೇಕು ಅನ್ನೋರು, ಸಂಸಾರ ಸಮೇತ ಬಂದು ಫೋಟೋ ತೆಗೆಸ್ಕೊಳ್ಳೋರು, ಎಲ್ಲರೂ ಹೇಳೋದು ಇದನ್ನೇ. ಅವತ್ತು ಅಡುಗೆ ಮನೇಲಿ ನಿಂತು ಕೊಟ್ಟ ಉತ್ತರವನ್ನ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೀತಿದ್ದೀನಿ.

ಮೊದಲು ನಮ್ಮಜ್ಜಿ ಕೊಟ್ಟಿಗೆಯಿಂದ ಶುರು ಮಾಡ್ತೀನಿ. ತೀರ್ಥಹಳ್ಳಿ ಕಡೆ ಅಜ್ಜಿ ಮನೇಲಿ ಎರಡು ಜೊತೆ ಎತ್ತು, ನಾಕೈದು ಎಮ್ಮೆ, ಹಸು-ಕರ ಇದ್ವು. ಪ್ರಾಣಿದಯೆ ಅನ್ನೋ ಪದ ಅಜ್ಜಿ ಬಾಯಲ್ಲಿ ನಾನು ಒಂದು ದಿನವೂ ಕೇಳಿಲ್ಲ. ಮಾತು ಕೇಳದ ಎತ್ತಿಗೆ ಬೈಗುಳ, ಬಾರುಕೋಲು ಎರಡೂ ಬೀಳ್ತಿದ್ವು. ಆದ್ರೆ ಕೆಲವು ಕಟ್ಟುಗಳಿದ್ವು, ಅವನ್ನ ಮನೆ ಯಜಮಾನನೂ ಮುರೀತಿರಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ಬಸವಣ್ಣನ ದಿನ. ಮಳೆ ಬಂದು ಗದ್ದೆ ಹದವಾಗಿ ಕೂತಿದ್ರೂ ಸೋಮವಾರ ಅಂದ್ರೆ ಸೋಮವಾರವೇ. ಹೆಗಲು ಹುಣ್ಣಾದ ಎತ್ತಿಗೆ ಅರಿಶಿನ ಎಣ್ಣೆ ಹಚ್ಚಿ, ಹುಣ್ಣು ಮಾಯೋ ತನಕ ಹೂಟೆಗೆ ಪಕ್ಕದ ಮನೆಯವರ ಎತ್ತು ಕೇಳ್ತಿದ್ರು. ದಿನ ತುಂಬಿದ ಎಮ್ಮೆಯನ್ನ ಗುಡ್ಡಕ್ಕೆ ಹೊಡೀತಿರಲಿಲ್ಲ, ಕಣ್ಣೆದುರಿಗೇ ಕಟ್ತಿದ್ರು. ದನಕ್ಕೆ ಹುಲ್ಲು ಹಾಕದೆ ನಾವು ತಟ್ಟೆ ಮುಂದೆ ಕೂರೋ ಹಾಗಿರಲಿಲ್ಲ.

ಇದನ್ನೆಲ್ಲ ಪುಣ್ಯಕ್ಕಂತಲೇ ಮಾಡ್ತಿದ್ರು ಅಂತ ನಾನು ಹೇಳಲ್ಲ. ಎತ್ತು ಬಿದ್ರೆ ಮನೆಯೂ ಬೀಳುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಒಂದು ಪ್ರಾಣಿಯ ದುಡಿಮೆ ತಿನ್ನೋರು ಅದರ ಬಿಡುವನ್ನ ಮೊದಲು ಎತ್ತಿಡಬೇಕು, ಕೆಲಸದ ಲೆಕ್ಕ ಆಮೇಲೆ. ನಾನು ಹೇಳೋಕೆ ಹೊರಟಿರೋದೂ ಇಷ್ಟೇ. ಎತ್ತಿಗೆ ಇದ್ದ ಈ ಕಟ್ಟನ್ನ ನಾವು ಆನೆಗೆ ಯಾಕೆ ಮರೆತ್ವಿ?

ಸಕ್ರೆಬೈಲು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೇಲಿ ಸುಮಾರು 14 ಕಿಲೋಮೀಟರ್. ಗಾಜನೂರು ಅಣೆಕಟ್ಟಿನ ಹಿನ್ನೀರು, ಆಚೆ ಕಾಡು, ಈಚೆ ಅರಣ್ಯ ಇಲಾಖೆಯ ಆನೆ ಬಿಡಾರ. ಹಿಂದೆ ಇಂಥ ಬಿಡಾರಗಳ ಆನೆಗಳಿಗೆ ಕಾಡಲ್ಲಿ ಕಡಿದ ದಿಮ್ಮಿ ಎಳೆಯೋ ಕೆಲಸ ಇತ್ತು. ಕಾಕನಕೋಟೆಯ ಖೆಡ್ಡಾದಲ್ಲಿ ಕಾಡಾನೆ ಹಿಡಿಯೋದು 1971ಕ್ಕೆ ಮುಗೀತು, ದಿಮ್ಮಿ ಎಳೆಯೋ ಕೆಲಸವೂ ಆಮೇಲೆ ಕಮ್ಮಿಯಾಗ್ತಾ ಬಂತು. ಈಗ ಉಳಿದಿರೋದು ಮುಖ್ಯವಾಗಿ ಮೂರು ಕೆಲಸ. ಊರಿಗೆ ನುಗ್ಗೋ ಕಾಡಾನೆ ಹಿಡಿಯೋಕೆ ಕುಮ್ಕಿಯಾಗಿ ಹೋಗೋದು, ದಸರಾಗೆ ಬರೋದು, ಬೆಳಗ್ಗೆ ಹೊತ್ತು ನಮ್ಮಂಥವರ ಎದುರಿಗೆ ನಿಲ್ಲೋದು. ಥಾಯ್ಲೆಂಡಿನಲ್ಲೂ ಹೀಗೇ ಆಯ್ತು. 1989ರಲ್ಲಿ ಅಲ್ಲಿ ಕಾಡು ಕಡಿಯೋದನ್ನ ನಿಲ್ಲಿಸಿದ್ರು, ದಿಮ್ಮಿ ಎಳೀತಿದ್ದ ಆನೆಗಳು ಪ್ರವಾಸಿಗಳನ್ನ ಹೊರೋಕೆ ಬಂದ್ವು.

ನಮ್ಮ ಬಿಡಾರದ ಪದ್ಧತೀಲಿ ಒಂದು ಒಳ್ಳೇದಿದೆ, ಅದನ್ನ ಮೊದಲು ಹೇಳ್ಬೇಕು. ಸರ್ಕಸ್ ಆನೆ, ಭಿಕ್ಷೆ ಬೇಡೋ ಆನೆ ಥರ ಇವು ದಿನವಿಡೀ ಕಾಂಕ್ರೀಟ್ ಮೇಲೆ ಕಟ್ಟಿಸ್ಕೊಂಡು ನಿಂತಿರಲ್ಲ. ಬೆಳಗ್ಗೆ ಸ್ನಾನ, ಮೇವು ಮುಗಿದ ಮೇಲೆ ಕಾಡಿಗೆ ಬಿಡ್ತಾರೆ. ರಾತ್ರಿ ಅಲ್ಲೇ ಮೇಯ್ಕೊಂಡು, ಕಾಡಾನೆ ಬಂದ್ರೆ ಅವುಗಳ ಜೊತೆ ಸೇರ್ಕೊಂಡು ಇರ್ತಾವೆ. ಬೆಳಕು ಹರಿಯುತ್ತಲೇ ಮಾವುತ, ಕಾವಾಡಿ ಹೊರಟು ಹೆಜ್ಜೆ ನೋಡಿ, ಸರಪಳಿ ಎಳೆದ ಗುರುತು ನೋಡಿ ಹುಡುಕಿ ಕರ್ಕೊಂಡು ಬರ್ತಾರೆ. ಕಾಡಿನ ಆನೆ ದಿನದ 24 ಗಂಟೆಯಲ್ಲಿ 12ರಿಂದ 18 ಗಂಟೆ ಬರೀ ಮೇಯ್ತಾ ಇರುತ್ತೆ. ದೊಡ್ಡ ಆನೆಗೆ ದಿನಕ್ಕೆ 150ರಿಂದ 200 ಕಿಲೋ ಹಸಿರು ಬೇಕು, ತಿಂದಿದ್ದರಲ್ಲಿ ಅರ್ಧಕ್ಕಿಂತ ಕಮ್ಮಿ ಜೀರ್ಣ ಆಗೋದು. ಬಿಡಾರದಲ್ಲಿ ಕೊಡೋ ರಾಗಿಮುದ್ದೆ, ಬೆಲ್ಲ, ತೆಂಗಿನಕಾಯಿ, ಭತ್ತದ ಹುಲ್ಲಲ್ಲಿ ಸುತ್ತಿದ ಕುಸುರೆ ಇವೆಲ್ಲ ಮೇಲೋಗರ. ನಿಜವಾದ ಊಟ ಕಾಡಲ್ಲೇ. ಹಾಗಾಗಿ ಬಿಡಾರದ ಆನೆಗೆ ಎಲ್ಲಕ್ಕಿಂತ ಬೆಲೆಬಾಳೋದು ಅದರ ಹೊತ್ತು. ನಾವು ಕಸಿಯೋದೂ ಅದನ್ನೇ. ಜನ ಬಂದಿದ್ದಾರೆ, ಇನ್ನರ್ಧ ಗಂಟೆ ಇರ್ಲಿ. ಯಾರೋ ದೊಡ್ಡವರು ಹೊರಟಿದ್ದಾರಂತೆ, ಅವರು ಬರೋ ತನಕ ಇರ್ಲಿ. ಈ ಅರ್ಧ ಗಂಟೆಗಳೆಲ್ಲ ಆನೆಯ ಹೊಟ್ಟೆಯಿಂದಲೇ ಕಳೀತಾವೆ.

ಇನ್ನು ಆ ಎರಡು ಚೆಂಬು ನೀರಿನ ಮಾತು. ಆನೆಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ಮೈ ಕಾವು ಇಳಿಸ್ಕೊಳ್ಳೋಕೆ ಅದಕ್ಕಿರೋದು ಕಿವಿ ಬೀಸೋದು, ನೀರು, ಕೆಸರು. ಹೊಳೇಲಿ ಮಗ್ಗುಲಾಗಿ ಮಲಗೋದು ಅದಕ್ಕೆ ಸುಖವೂ ಹೌದು, ಔಷಧಿಯೂ ಹೌದು. ಮಾವುತನಿಗೆ ಆ ಸ್ನಾನ ಅಂದ್ರೆ ದಿನದ ತಪಾಸಣೆ. ಉಜ್ಜುತ್ತಾ ಉಜ್ಜುತ್ತಾ ಅವನು ಕಿವಿ ಹಿಂದೆ ನೋಡ್ತಾನೆ, ಉಣ್ಣೆ ಕಚ್ಚಿದ್ಯಾ ಅಂತ ನೋಡ್ತಾನೆ. ಸರಪಳಿ ತಾಗೋ ಕಡೆ ಚರ್ಮ ಕಿತ್ತಿದ್ಯಾ, ಪಾದದ ಮೆತ್ತೇಲಿ ಮುಳ್ಳು ಹೊಕ್ಕಿದ್ಯಾ, ಉಗುರು ಸೀಳಿದ್ಯಾ ಅಂತೆಲ್ಲ ಕೈಯಾಡಿಸಿ ನೋಡ್ತಾನೆ. ಆನೆಯ ಕಾಲು ಕೆಟ್ರೆ ಆನೆ ಕೆಟ್ಟಂತೆ, ಅಷ್ಟು ಭಾರ ಹೊತ್ತು ನಿಲ್ಲೋದು ಆ ನಾಲ್ಕು ಪಾದಗಳೇ. ಈಗ ಆ ಹೊಳೆಗೆ ನಲವತ್ತು ಜನ ಇಳಿದ್ರು ಅಂದ್ಕೊಳ್ಳಿ. ಒಬ್ಬ ಸೊಂಡಿಲು ಹಿಡ್ಕೊಂಡು ಫೋಟೋ ಅಂತಾನೆ, ಇನ್ನೊಬ್ಬ ಬಾಲದ ಕಡೆ ಹೋಗ್ತಾನೆ, ಮಗು ಕಾಲ ಬುಡದಲ್ಲೇ ಜಾರಿ ಬೀಳುತ್ತೆ. ಮಾವುತ ಆನೆಯ ಪಾದ ನೋಡ್ಬೇಕೋ, ಈ ಜನರನ್ನ ಕಾಯ್ಬೇಕೋ? ಅವತ್ತು ಒಂದು ಗಾಯ ಕಣ್ಣು ತಪ್ಪಿದ್ರೆ ಅದು ಯಾರ ಲೆಕ್ಕಕ್ಕೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕ್ಷಯ ರೋಗ ಮನುಷ್ಯರಿಂದ ಆನೆಗೂ, ಆನೆಯಿಂದ ಮನುಷ್ಯರಿಗೂ ಅಂಟುತ್ತೆ. ಬಾಣಂತಿ ಇರೋ ಮನೆಗೆ ಕೆಮ್ಮಿಟ್ಕೊಂಡು ಹೋದ್ರೆ ನಾವು ಬಾಗಿಲಲ್ಲೇ ನಿಂತು ಮಾತಾಡಿಸ್ತೀವಿ. ಆನೆ ಹತ್ರ ಮಾತ್ರ ಮುಖಕ್ಕೆ ಮುಖ ಕೊಟ್ಟು ನಿಲ್ತೀವಿ.

ಇನ್ನು ಬೆನ್ನ ಮೇಲೆ ಕೂರೋದು. ನಾನೂ ಚಿಕ್ಕವಳಿದ್ದಾಗ ಕೂತಿದ್ದೀನಿ, ಸುಳ್ಳು ಹೇಳಲ್ಲ. ಅಪ್ಪ, ಅಮ್ಮ, ನಾನು, ಇದೇ ತಂಗಿ, ಮುಂದೆ ಮಾವುತ. ಸುತ್ತು ಮುಗಿದು ಇಳಿದ್ವಿ, ಇನ್ನೊಂದು ಮನೆಯವರು ಹತ್ತಿದ್ರು. ಆ ನಡುವೆ ಆನೆ ಬೇಲಿ ಪಕ್ಕದ ಹುಲ್ಲಿಗೆ ಸೊಂಡಿಲು ಚಾಚಿ ಒಂದು ಹಿಡಿ ಕಿತ್ಕೊಂಡಿತ್ತು. ಅದು ಬಾಯಿಗೆ ಹೋಗೋ ಮುಂಚೆನೇ ಹೊರಡು ಅಂದ್ರು, ಹುಲ್ಲು ಕೆಳಗೆ ಬಿತ್ತು. ಸವಾರಿ ಹೇಗಿತ್ತು ಅಂತ ನೆನಪಿಲ್ಲ, ಬಿದ್ದ ಹುಲ್ಲು ನೆನಪಿದೆ.

ನಾಲ್ಕು ಜನಕ್ಕೆ ತಲಾ 60 ಕಿಲೋ ಅಂದ್ರೂ 240, ಜೊತೆಗೆ ಕೂರೋ ಪೀಠ, ಗಾದಿ, ಮಾವುತ. ಮೂರು ಟನ್ ಆನೆಗೆ ಮುನ್ನೂರು ಕಿಲೋ ಯಾವ ಲೆಕ್ಕ ಅಂತ ಭಾರದ ಬಗ್ಗೆ ಮಾತ್ರ ಕೇಳಿದ್ರೆ ಅವರ ಮಾತು ಸರಿ ಅನ್ಸುತ್ತೆ. ಆದ್ರೆ ಆ ಭಾರ ಎಲ್ಲಿ ಕೂರುತ್ತೆ, ದಿನಕ್ಕೆ ಎಷ್ಟು ಸಲ, ಎಂಥಾ ನೆಲದ ಮೇಲೆ ಅನ್ನೋದನ್ನೂ ಕೇಳ್ಬೇಕಲ್ವಾ? ಆನೆಯ ಬೆನ್ನೆಲುಬಿನ ಮೂಳೆಗಳು ಮೇಲ್ಮುಖವಾಗಿ ಚಾಚಿರ್ತಾವೆ. ಅದಕ್ಕೇ ದಪ್ಪ ನಮ್ದಾ, ಗಾದಿ ಹಾಕಿ, ಭಾರ ಬೆನ್ನೆಲುಬಿನ ಮೇಲೆ ಬೀಳದೆ ಎರಡು ಪಕ್ಕಕ್ಕೆ ಹಂಚೋ ಹಾಗೆ ಕಟ್ಟಬೇಕು. ಗಾದಿ ಒಂದು ಕಡೆ ಜಾರಿದ್ರೆ, ಹಗ್ಗ ಒಂದೇ ಕಡೆ ಉಜ್ಜಿದ್ರೆ, ಅಜ್ಜಿ ಮನೆ ಎತ್ತಿನ ಹೆಗಲಿಗೆ ಆದದ್ದೇ ಆನೆಗೂ ಆಗೋದು. ಚರ್ಮ ದಪ್ಪ ಅಂತ ಹುಣ್ಣು ನಮ್ಮ ಕಣ್ಣಿಗೆ ತಡವಾಗಿ ಕಾಣುತ್ತೆ. ನೋವು ಅದಕ್ಕೆ ಮೊದಲ ದಿನವೇ ಶುರುವಾಗಿರುತ್ತೆ.

ಹೊರೆ ಹೊರೋ ಪ್ರಾಣಿಗಳಿಗೆ ಕಾನೂನು ಇಲ್ಲ ಅಂತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಅದರ ಕೆಳಗೆ 1965ರಲ್ಲಿ ಮಾಡಿದ ನಿಯಮ ಇದೆ. ಕತ್ತೆಗೆ 50 ಕಿಲೋ, ತಟ್ಟುವಿಗೆ 70 ಕಿಲೋ, ಹೇಸರಗತ್ತೆಗೆ 200 ಕಿಲೋ ಮೀರಿ ಹೊರಿಸಬಾರದು. ದಿನಕ್ಕೆ ಒಟ್ಟು 9 ಗಂಟೆ ಮೀರಬಾರದು, ನಡುವೆ ಬಿಡುವು ಕೊಡದೆ 5 ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು. ಓದಿದ್ರೆ ಅಜ್ಜಿಯೇ ಕೂತು ಬರೆಸಿದ ಹಾಗಿದೆ. ಆದ್ರೆ ಎತ್ತು, ಕೋಣ, ಕತ್ತೆ, ಒಂಟೆ ಎಲ್ಲ ಇರೋ ಆ ತೂಕದ ಪಟ್ಟೀಲಿ ಆನೆಯ ಹೆಸರಿಲ್ಲ. ಆನೆಗೇನು ಸವೆಯುತ್ತೆ ಅಂತ ಅವತ್ತು ಅವರಿಗೂ ಅನ್ಸಿತ್ತೋ ಏನೋ. ಪಟ್ಟಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳಲ್ಲ. 2022ರಲ್ಲಿ ಕೇದಾರನಾಥದ ದಾರೀಲಿ ಯಾತ್ರಿಕರನ್ನ ಹೊತ್ತ ಹೇಸರಗತ್ತೆಗಳು ಸಾಲಾಗಿ ಸತ್ತಾಗ ಪಟ್ಟಿ ಇದ್ದೇ ಇತ್ತು. ಪಟ್ಟಿಯೂ ಬೇಕು, ನೋಡೋರೂ ಬೇಕು.

ಈಗ ಎರಡು ಸಂಗತಿ ಹೇಳ್ತೀನಿ. ಪೇಪರ್ ಓದೋರಿಗೆಲ್ಲ ಗೊತ್ತಿರೋದೇ, ಜೋಡಿಸಿ ನೋಡಿರಲ್ಲ ಅಷ್ಟೆ.

ಮೊದಲನೇದು. 2022ರಲ್ಲಿ ಮೈಸೂರು ದಸರಾಗೆ ಅಂತ ತಂದಿದ್ದ ಲಕ್ಷ್ಮಿ ಅನ್ನೋ ಹೆಣ್ಣಾನೆ ಅರಮನೆ ಆವರಣದಲ್ಲೇ ಮರಿ ಹಾಕಿದ್ಲು. ಮುಂದಿನ ವರ್ಷ, 2023ರಲ್ಲಿ, ನಮ್ಮ ಶಿವಮೊಗ್ಗ ದಸರಾಗೆ ಸಕ್ರೆಬೈಲಿಂದ ಬಂದ ನೇತ್ರಾವತಿ ಜಂಬೂಸವಾರಿಯ ಹಿಂದಿನ ರಾತ್ರಿ ಪೇಟೆಯಲ್ಲೇ ಹೆಣ್ಣು ಮರಿ ಹಾಕಿದ್ಲು. ಊರೆಲ್ಲ ಸಂಭ್ರಮ ಪಟ್ಟಿತು, ಚಾಮುಂಡಿ ಕೃಪೆ ಅಂದ್ರು. ಮರಿ ನೋಡಿ ನನಗೂ ಖುಷಿಯಾಯ್ತು, ಯಾರಿಗೆ ಆಗಲ್ಲ? ಆದ್ರೆ ಅವತ್ತು ರಾತ್ರಿ ಮಲಗಿದಾಗ ಅಜ್ಜಿಯ ಎಮ್ಮೆ ನೆನಪಾಯ್ತು. ಆನೆಯ ಬಸಿರು ಹತ್ತಿರ ಹತ್ತಿರ ಎರಡು ವರ್ಷ. ದಿನ ತುಂಬಿದ ಹೆಂಗಸನ್ನ ಲಾರಿ ಹತ್ತಿಸಿ, ಬ್ಯಾಂಡು, ಪಟಾಕಿ, ಲೈಟಿನ ನಡುವೆ ತಂದು ನಿಲ್ಲಿಸಿದ್ವಿ. ಆನೆಯ ಬಸಿರು ಹೊರಗೆ ಕಾಣೋದು ಕಷ್ಟ ಅಂತಾರೆ, ನಿಜ ಇರಬಹುದು. ಕಣ್ಣಿಗೆ ಕಾಣದಿದ್ರೆ ರಕ್ತ ಪರೀಕ್ಷೆ ಇದೆ. ಪರೀಕ್ಷೆಯಲ್ಲೂ ಅನುಮಾನ ಉಳಿದ್ರೆ ಕರೆತರಬೇಡಿ. ಅನುಮಾನ ಇದ್ದ ಎಮ್ಮೆಯನ್ನ ಅಜ್ಜಿ ಗುಡ್ಡಕ್ಕೆ ಹೊಡೀತಿರಲಿಲ್ಲ.

ಎರಡನೇದು ಅರ್ಜುನ. 2012ರಿಂದ 2019ರವರೆಗೆ ಎಂಟು ದಸರಾ ಅವನು ಮೈಸೂರಲ್ಲಿ 750 ಕಿಲೋ ಅಂಬಾರಿ ಹೊತ್ತ. 60 ದಾಟಿದ ಆನೆ ಮೇಲೆ ಅಷ್ಟು ಭಾರ ಬೇಡ ಅಂತ 2020ರಿಂದ ಅಭಿಮನ್ಯುಗೆ ಹೊರಿಸಿದ್ರು. ಸರಿಯಾಗೇ ಮಾಡಿದ್ರು. ಆದ್ರೆ 2023ರ ಡಿಸೆಂಬರ್ 4ಕ್ಕೆ ಅದೇ ಅರ್ಜುನ ಎಲ್ಲಿದ್ದ? ಸಕಲೇಶಪುರ ತಾಲೂಕು ಯಸಳೂರಿನ ಹತ್ರ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಅಲ್ಲೇ ಕಾಡಾನೆ ಜೊತೆ ಕಾದಾಡಿ ಸತ್ತ. ಅಂಬಾರಿ ಹೊರೋಕೆ ವಯಸ್ಸಾಯ್ತು, ಕಾಡಾನೆಗೆ ಎದುರು ನಿಲ್ಲೋಕೆ ವಯಸ್ಸಾಗ್ಲಿಲ್ಲ! ರಾಜ್ಯವೆಲ್ಲ ಅತ್ತಿತು, ನಾನೂ ಅತ್ತೆ. ಜಾತ್ರೆಯಲ್ಲಿ ಜನ ನೋಡೋ ಕೆಲಸಕ್ಕೆ ಒಂದು ನಿಯಮ, ಜನ ಕಾಣದ ಕೆಲಸಕ್ಕೆ ಇನ್ನೊಂದು. ಇದನ್ನ ಯಾವ ಕೊಟ್ಟಿಗೆಯೂ ಒಪ್ಪಲ್ಲ.

ಇಷ್ಟು ಹೇಳಿದ ಮೇಲೆ ತಂಗಿ ಇನ್ನೊಂದು ತುದಿಗೆ ಹೋದ್ಲು. "ಹಾಗಾದ್ರೆ ಬಿಡಾರ ಮುಚ್ಚಿ ಎಲ್ಲ ಆನೆ ಕಾಡಿಗೆ ಬಿಟ್ಟುಬಿಡ್ಲಿ ಬಿಡೆ." ಪೇಟೇಲಿ ಕೂತು ಹೀಗನ್ನೋದು ಸುಲಭ. ಬಿಡಾರದ ಆನೆಗಳಲ್ಲಿ ಕೆಲವು ಅಲ್ಲೇ ಹುಟ್ಟಿದ್ದು, ಕೆಲವು ತೋಟ-ಗದ್ದೆಗೆ ನುಗ್ಗಿ, ಜನರನ್ನ ಕೊಂದು ಹಿಡಿಸ್ಕೊಂಡು ಬಂದಿದ್ದು. ಮನುಷ್ಯರ ಭಯ ಬಿಟ್ಟ ಆನೆ ಕಾಡಿಗೆ ಹೋದ್ರೂ ನಾಳೆ ಯಾರದೋ ಬಾಳೆ ತೋಟಕ್ಕೆ ಬರುತ್ತೆ. ಹಾಸನ, ಚಿಕ್ಕಮಗಳೂರು, ನಮ್ಮ ಜಿಲ್ಲೆಯಲ್ಲಿ ಕಾಡಾನೆ ಎದುರಿಗೆ ಸಿಕ್ಕಿ ಸತ್ತವರ ಮನೆಯವರಿಗೆ ಕುಮ್ಕಿ ಆನೆ ಬೇಡ ಅಂತ ಹೇಳೋ ಧೈರ್ಯ ನನಗಿಲ್ಲ. ಬಿಡಾರ ಬೇಕು, ಕುಮ್ಕಿಯೂ ಬೇಕು. ಬೇಕಾದ ಕೆಲಸ ಅಷ್ಟು ದೊಡ್ಡದಿರೋವಾಗ, ಬೇಡದ ಕೆಲಸಕ್ಕೆ ಆ ಪ್ರಾಣಿಯ ಮೈ ಯಾಕೆ ಸವೆಸ್ಬೇಕು ಅನ್ನೋದೇ ನನ್ನ ಪ್ರಶ್ನೆ.

ಮಾವುತರ ಮೇಲೆ ತಪ್ಪು ಹಾಕೋದಕ್ಕೂ ನಾನು ತಯಾರಿಲ್ಲ. ಅಂಕುಶ ಅವರ ಕೈಲಿ ಕಾಣುತ್ತೆ, ಅದಕ್ಕೇ ಬೈಗುಳವೂ ಅವರಿಗೇ. ಚುಮುಚುಮು ಚಳೀಲಿ, ಜಿಗಣೆ ಮಳೇಲಿ ಕಾಡೊಳಗೆ ಹೋಗಿ ಆನೆ ಹುಡುಕೋನು ಅವನು. ಲದ್ದಿ ಮುರಿದು ನೋಡಿ ಹೊಟ್ಟೆ ಸರಿಯಿಲ್ಲ ಅಂತ ಹೇಳೋನು ಅವನು. ಮದ ಬಂದ ದಿನ ಪ್ರಾಣ ಪಣಕ್ಕಿಟ್ಟು ಮೇವು ಹಾಕೋನೂ ಅವನೇ. ಅವನು "ಇವತ್ತು ಆನೆ ಸರಿಯಿಲ್ಲ, ಹೊರಗೆ ತರಲ್ಲ" ಅಂದ್ರೆ ಆ ಮಾತೇ ಕೊನೆ ಆಗ್ಬೇಕು. ಮೇಲಿಂದ ಯಾರ ಫೋನೂ ಅದನ್ನ ತಿರುಗಿಸಬಾರದು. ಹಾಗೆ ಹೇಳಿದ್ದಕ್ಕೆ ಅವನ ಸಂಬಳಕ್ಕೆ, ಕೆಲಸಕ್ಕೆ ಕುತ್ತು ಬರಬಾರದು. ಮಾವುತನಿಗೆ ಭದ್ರತೆ ಇಲ್ಲದ ಕಡೆ ಆನೆಗೂ ಇರಲ್ಲ.

ಕಾಗದನಗರದೋಳು ನೀನು, ನಿನಗ್ಯಾಕೆ ಈ ಉಸಾಬರಿ ಅಂತ ಯಾರಾದ್ರೂ ಕೇಳಬಹುದು. ನಮ್ಮೂರಿಗೇ ಇದು ಜಾಸ್ತಿ ಸಂಬಂಧ ಕಣ್ರೀ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹತ್ತಿಕೊಂಡಾಗ ಅದಕ್ಕೆ ಹಾಕಿದ್ದು ಸುತ್ತಲ ಕಾಡು ಸುಟ್ಟ ಇದ್ದಿಲು. 1936ರಲ್ಲಿ ಎಂಪಿಎಂ ಬಂತು, ಕಾಗದಕ್ಕೆ ಬಿದಿರು ಬಂತು. ಬಿದಿರು ಅಂದ್ರೆ ಆನೆಯ ಅನ್ನ. ಆಮೇಲೆ ಬಿದಿರು, ಹುಲ್ಲು ಇದ್ದ ಎಷ್ಟೋ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು, ಅದರ ಬುಡದಲ್ಲಿ ಆನೆಗೆ ತಿನ್ನೋ ಅಂಥದ್ದೇನೂ ಸಿಗಲ್ಲ. 2015ಕ್ಕೆ ಕಾರ್ಖಾನೆಯ ಉತ್ಪಾದನೆ ನಿಂತಿತು, ನೆಡುತೋಪು ಹಾಗೇ ಉಳೀತು. ನಾವೆಲ್ಲ ಆ ಕಾರ್ಖಾನೆ ಅನ್ನ ತಿಂದವರು, ಅದರ ಕಾಗದದಲ್ಲಿ ಮಗ್ಗಿ ಬರೆದವರು. ಕಾರ್ಖಾನೆ ಬೇಡವಾಗಿತ್ತು ಅಂತ ನಾನು ಹೇಳಲ್ಲ, ನಮ್ಮ ಮನೆ ನಿಂತದ್ದೇ ಅದರಿಂದ. ಆದ್ರೆ ಕಾಡಲ್ಲಿ ಹೊಟ್ಟೆಗಿಲ್ಲದೆ ಆನೆ ಗದ್ದೆಗೆ ಇಳಿಯೋದು, ಅದನ್ನ ಹಿಡಿಯೋಕೆ ಇನ್ನೊಂದು ಆನೆ ಹೋಗೋದು, ಹಿಡಿದ ಆನೆ ಬಿಡಾರ ಸೇರೋದು, ಭಾನುವಾರ ನಾವು ಹೋಗಿ ಅದರ ಮುಂದೆ ಫೋಟೋ ತೆಗೆಸ್ಕೊಳ್ಳೋದು, ಈ ಸರಪಳಿಯ ಒಂದು ಕೊಂಡಿ ನಮ್ಮೂರಲ್ಲೂ ಇದೆ. ಅಷ್ಟು ಸಾಲ ಇರೋರು ಬಿಡುವಿನ ಮಾತನ್ನಾದ್ರೂ ಆಡ್ಬೇಕು.

ನಾನು ಕೇಳೋದು ಇಷ್ಟು. ಬಿಡಾರದ ಬಾಗಿಲಲ್ಲಿ ಪ್ರತಿ ಆನೆ ಹೆಸರಿನ ಮುಂದೆ ವಯಸ್ಸು, ಅವತ್ತಿನ ಕೆಲಸ, ಕಾಡಿಗೆ ಹೊರಡೋ ಹೊತ್ತು ಬರೆದಿರಲಿ. ಆ ಹೊತ್ತಾದ ಮೇಲೆ ಎಷ್ಟೇ ದೊಡ್ಡವರು ಬಂದ್ರೂ ಆನೆ ನಿಲ್ಲಬಾರದು. 60 ದಾಟಿದ ಆನೆಗೆ ಅಂಬಾರಿಯೂ ಬೇಡ, ಕಾರ್ಯಾಚರಣೆಯೂ ಬೇಡ. ಬಸಿರಿ, ಬಾಣಂತಿ ಪೇಟೆಗೆ ಬರೋದು ಬೇಡ. ಮೋಜಿನ ಸವಾರಿ ಎಲ್ಲಿದ್ರೂ ನಿಲ್ಲಲಿ. ಸ್ನಾನದ ಹೊತ್ತಲ್ಲಿ ನೀರೊಳಗೆ ಮಾವುತ, ಕಾವಾಡಿ ಬಿಟ್ಟು ಯಾರೂ ಬೇಡ. ವಾರಕ್ಕೊಂದು ದಿನ ಆನೆ ಬಿಡಾರಕ್ಕೆ ಬರೋದು ಬರೀ ಕುಸುರೆ ತಿನ್ನೋಕೆ, ಗಾಯ ತೋರ್ಸೋಕೆ ಮಾತ್ರ ಆಗಿರಲಿ. ಗೇಟಿಗೆ ರಜೆ ಬೋರ್ಡು ಹಾಕೋದು ಬೇರೆ, ಆನೆಗೆ ರಜೆ ಕೊಡೋದು ಬೇರೆ. ರಜೆ ಬೋರ್ಡಿನ ದಿನವೇ ಅದನ್ನ ಇನ್ನೊಂದು ಕೆಲಸಕ್ಕೆ ಲಾರಿ ಹತ್ತಿಸಿದ್ರೆ ಅದು ಸೋಮವಾರ ಆಗಲ್ಲ. ಇದರಿಂದ ಟಿಕೆಟ್ ದುಡ್ಡು ಕಮ್ಮಿ ಆಗುತ್ತೆ ಅಂದ್ರೆ, ನೋಡೋ ಟಿಕೆಟ್ಟನ್ನೇ ಹತ್ತು ರೂಪಾಯಿ ಜಾಸ್ತಿ ಮಾಡಿ. ಬೆಂಗಳೂರಿಂದ ಕಾರಲ್ಲಿ ಬಂದವರಿಗೆ ಅದೇನು ಸವೆಯುತ್ತೆ?

ಮಾರನೇ ದಿನ ಬೆಳಗ್ಗೆ ಇಡ್ಲಿ ಕಟ್ಕೊಂಡು ಎಲ್ಲರೂ ಹೋದ್ವಿ. ಮಕ್ಕಳು ದಡದಲ್ಲೇ ನಿಂತ್ರು, ಹತ್ತು ನಿಮಿಷ ಮುಖ ಗಂಟು ಹಾಕ್ಕೊಂಡು. ಆಮೇಲೆ ದೊಡ್ಡವನು, "ದೊಡ್ಡಮ್ಮ, ಅವರು ಕಾಲೆತ್ತಿಸಿ ಅಡೀಲಿ ಏನು ನೋಡ್ತಿದ್ದಾರೆ?" ಅಂದ. ಹೇಳಿದೆ. ಚಿಕ್ಕವಳು ಬಗ್ಗಿ ತನ್ನ ಅಂಗಾಲು ತಾನೇ ನೋಡ್ಕೊಂಡ್ಲು. ತಂಗಿ ಗಂಡ ಫೋಟೋ ತೆಗೆದ್ರು, ದೂರದಿಂದಲೇ. ಹನ್ನೊಂದರ ಸುಮಾರಿಗೆ ಆನೆಗಳು ಒಂದರ ಹಿಂದೆ ಒಂದು ಕಾಡಿನ ಕಡೆ ಹೊರಟ್ವು. ಆಗಲೇ ಬಂದಿಳಿದ ಒಂದು ಕಾರಿನವರು "ಅಯ್ಯೋ, ಹೊರಟೇಬಿಟ್ವಲ್ಲ, ಒಂದೈದು ನಿಮಿಷ ನಿಲ್ಸಿ" ಅಂತ ಕೂಗ್ತಿದ್ರು. ಆನೆಗಳು ನಿಲ್ಲಲಿಲ್ಲ, ಮಾವುತರೂ ನಿಲ್ಲಿಸ್ಲಿಲ್ಲ.